ಮುಟ್ಟು ನಿಂತ ಮೇಲೆ ಮಾತೂ ನಿಲ್ಲಬೇಕೆ?

ನಮ್ಮ ಬೆಳಗಾವಿಯಲ್ಲಿ ಹೆಣ್ಣಿನ ಒಂದೇ ಸ್ಥಿತಿಗೆ ಎರಡು ಹೆಸರಿವೆ. ಮರಾಠಿ ಮಂದಿ ‘ರಜೋನಿವೃತ್ತಿ’ ಅನ್ನುತ್ತಾರೆ, ಕನ್ನಡದವರು ‘ಋತುಬಂಧ’ ಅನ್ನುತ್ತೇವೆ. ಮೊದಲನೆಯದನ್ನು ಕೇಳಿದರೆ ಹೆಂಗಸು ಸರಕಾರಿ ನೌಕರಿಯಿಂದ ನಿವೃತ್ತಳಾದಳೇನೋ ಅನಿಸುತ್ತದೆ. ಎರಡನೆಯದನ್ನು ಕೇಳಿದರೆ ಅಂಗಡಿಗೆ ಬಾಗಿಲು ಹಾಕಿದರೇನೋ ಅನಿಸುತ್ತದೆ. ಬಂಧ ಬೇರೆ, ಬಂದ್ ಬೇರೆ ಎಂದು ಪಂಡಿತರು ತಿದ್ದಬಹುದು. ಆದರೆ ಗಡಿಯ ಹೆಸರಿನಲ್ಲಿ ಎಷ್ಟೋ ಬಂದ್ ಕಂಡ ಊರು ನಮ್ಮದು, ನಮ್ಮ ಕಿವಿಗೆ ಎರಡೂ ಒಂದೇ. ಇನ್ನು ಶಿವಬಸವ ನಗರದ ನಮ್ಮ ಓಣಿಯಲ್ಲಿ ಹೆಂಗಸರು ಇವೆರಡನ್ನೂ ಬಳಸುವುದಿಲ್ಲ. ‘ನಿಂತೈತಿ’ ಅನ್ನುತ್ತಾರೆ, ಅಷ್ಟೇ. ಏನು ನಿಂತಿತು ಎಂದು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನಿಂತ ಮೇಲೆ ಮೈಯಲ್ಲಿ ಏನೇನು ಆಗುತ್ತದೆ ಎಂಬುದಕ್ಕೆ ಮಾತ್ರ ಈ ಮೂರರಲ್ಲಿ ಯಾವುದರಲ್ಲೂ ಮುಂದಿನ ಮಾತಿಲ್ಲ.

ನಾನು ಬರೆಯಹೊರಟಿರುವುದು ಆ ಮುಂದಿನ ಮಾತನ್ನೇ. ಮುಟ್ಟು ನಿಂತ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಯೋನಿ ಒಣಗುತ್ತದೆ. ಉರಿ, ತುರಿಕೆ ಬರುತ್ತದೆ. ಗಂಡನೊಡನೆ ಕೂಡುವಾಗ ಬ್ಲೇಡಿನಿಂದ ಗೀರಿದಂತೆ ನೋಯುತ್ತದೆ, ಕೆಲವೊಮ್ಮೆ ರಕ್ತ ಕಾಣುತ್ತದೆ. ಉರಿಮೂತ್ರ ಮತ್ತೆ ಮತ್ತೆ ಮರುಕಳಿಸುತ್ತದೆ. ಗಂಡನಿಲ್ಲದವರಿಗೂ ಮದುವೆಯಾಗದವರಿಗೂ ಇದರಿಂದ ವಿನಾಯಿತಿ ಇಲ್ಲ. ನಡೆದರೆ ಬಟ್ಟೆ ತಾಗಿ ಉರಿಯುತ್ತದೆ, ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ ಬರುವಷ್ಟು ಹೊತ್ತು ಕೂರುವುದೂ ಕಷ್ಟವಾಗುತ್ತದೆ. ಮೈ ಬಿಸಿಯೇರುವುದು, ರಾತ್ರಿ ಬೆವರುವುದು ಮುಂತಾದವು ಬಹುಪಾಲು ಹೆಂಗಸರಲ್ಲಿ ಕೆಲವು ವರ್ಷಗಳಲ್ಲಿ ತಗ್ಗುತ್ತವೆ. ಒಣಗುವುದು ಹಾಗಲ್ಲ. ಚಿಕಿತ್ಸೆ ಇಲ್ಲದಿದ್ದರೆ ಅದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ.

ಇದರ ಕಾರಣದಲ್ಲಿ ಯಾವ ನಿಗೂಢವೂ ಇಲ್ಲ. ಅಂಡಾಶಯಗಳು ಈಸ್ಟ್ರೋಜನ್ ಕೊಡುವುದು ಕಡಿಮೆಯಾದಾಗ ಯೋನಿಯ ಒಳಪದರ ತೆಳ್ಳಗಾಗುತ್ತದೆ. ಅಲ್ಲಿಗೆ ಹರಿಯುವ ರಕ್ತ, ಅಲ್ಲಿ ಊರುವ ತೇವ, ಹಿಗ್ಗುವ ಗುಣ ಎಲ್ಲವೂ ಇಳಿಯುತ್ತವೆ. ಒಳಗೆ ವಾಸವಾಗಿದ್ದ ಲ್ಯಾಕ್ಟೊಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳು ತಗ್ಗುತ್ತವೆ. ಹರೆಯದಲ್ಲಿ 4.5ಕ್ಕಿಂತ ಕೆಳಗಿದ್ದು ಸೋಂಕನ್ನು ತಡೆಯುತ್ತಿದ್ದ ಪಿಎಚ್ 5ರ ಮೇಲಕ್ಕೆ ಏರುತ್ತದೆ. ಮೂತ್ರನಾಳ, ಮೂತ್ರಕೋಶಗಳೂ ಅದೇ ಹಾರ್ಮೋನನ್ನು ನೆಚ್ಚಿದವು. ಹಾಗಾಗಿಯೇ ಉರಿಮೂತ್ರವೂ ಒಣಗುವಿಕೆಯೂ ಅಕ್ಕತಂಗಿಯರಂತೆ ಜೊತೆಯಲ್ಲಿ ಬರುತ್ತವೆ. ಮೊದಲು ವೈದ್ಯರು ಇದನ್ನು ‘ಅಟ್ರೋಫಿ’, ಅಂದರೆ ಸೊರಗುವಿಕೆ ಎಂದು ಕರೆಯುತ್ತಿದ್ದರು. 2014ರಲ್ಲಿ ಅಂತಾರಾಷ್ಟ್ರೀಯ ವೈದ್ಯಸಂಘಗಳು ಆ ಹೆಸರನ್ನು ಬಿಟ್ಟು ‘ಜೆನಿಟೊಯೂರಿನರಿ ಸಿಂಡ್ರೋಮ್ ಆಫ್ ಮೆನೊಪಾಸ್’ ಎಂಬ ಹೆಸರನ್ನು ತಂದವು. ಹಳೆಯ ಹೆಸರು ಮೂತ್ರದ ತೊಂದರೆಯನ್ನು ಒಳಗೊಂಡಿರಲಿಲ್ಲ, ಸಾರ್ವಜನಿಕವಾಗಿ ಆಡುವುದಕ್ಕೂ ಜನ ಹಿಂಜರಿಯುತ್ತಿದ್ದರು ಎಂಬುದು ಅದಕ್ಕೆ ಕೊಟ್ಟ ಕಾರಣ. ಅವರು ಒಂದು ಹೆಸರಿಗೆ ಅಷ್ಟು ತಲೆ ಕೆಡಿಸಿಕೊಂಡರು. ನಮ್ಮಲ್ಲಿ ಹೆಸರಿಡುವ ಕೆಲಸವೇ ಶುರುವಾಗಿಲ್ಲ.

ಭಾರತದ ಹೆಣ್ಣಿಗೆ ಸರಾಸರಿ 46-47ರ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. ಪಶ್ಚಿಮದ ದೇಶಗಳಲ್ಲಿ ಅದು 51ರ ಸುಮಾರು. ಎಪ್ಪತ್ತು ದಾಟಿ ಬದುಕುವ ಹೆಂಗಸಿಗೆ ಅಲ್ಲಿಂದಾಚೆ ಇಪ್ಪತ್ತೈದು ವರ್ಷದ ಬಾಳಿದೆ, ಅಂದರೆ ಆಯುಷ್ಯದ ಮೂರನೆಯ ಒಂದು ಪಾಲು. ಇಷ್ಟು ದೊಡ್ಡ ಪಾಲಿನ ಮೇಲೆ ನಾವು ಬರೆದಿಟ್ಟಿರುವುದು ಒಂದೇ ಮಾತು: ‘ವಯಸ್ಸಾತಲ್ಲ.’

ಈ ಮಾತಿನ ಮೇಲೆಯೇ ನನ್ನ ತಕರಾರು. ನನಗೀಗ ಐವತ್ತೆರಡು, ಮುಟ್ಟು ನಿಂತು ನಾಲ್ಕು ವರ್ಷವಾಯಿತು. ಒಂದೇ ವರ್ಷದಲ್ಲಿ ಮೂರು ಸಲ ಉರಿಮೂತ್ರವೆಂದು ದವಾಖಾನೆಗೆ ಹೋದೆ. ಮೂರು ಸಲವೂ ಆಂಟಿಬಯೋಟಿಕ್ ಬರೆದುಕೊಟ್ಟರು. ನನ್ನ ವಯಸ್ಸನ್ನು ಚೀಟಿಯ ಮೇಲೆ ಬರೆದರೇ ಹೊರತು ಮುಟ್ಟಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾಲ್ಕನೆಯ ಸಲ ನಾನೇ ಬಾಯಿಬಿಟ್ಟು, ಒಳಗೆ ಒಣಗಿ ನೋಯುತ್ತದೆ ಅಂದೆ. ಡಾಕ್ಟರು ಚೀಟಿಯಿಂದ ಕಣ್ಣೆತ್ತದೆ, ‘ಅಕ್ಕಾರ, ಮಕ್ಕಳ ಮದಿವಿ ಮಾಡೂ ವಯಸ್ಸಿದು. ಇನ್ಮ್ಯಾಲೆ ಅದೆಲ್ಲಾ ಯಾಕ ಬೇಕ್ರಿ?’ ಅಂದರು. ಆಮೇಲೆ ಬೇರೊಬ್ಬ ವೈದ್ಯೆಯ ಹತ್ತಿರ ಹೋದೆ. ಅವರು ಪರೀಕ್ಷೆ ಮಾಡಿ, ಹತ್ತು ನಿಮಿಷ ಬಿಡಿಸಿ ಹೇಳಿ, ಒಂದು ಟ್ಯೂಬ್ ಮುಲಾಮು ಬರೆದುಕೊಟ್ಟರು. ಎರಡು ತಿಂಗಳಲ್ಲಿ ಉರಿಯೂ ಇಲ್ಲ, ಆಂಟಿಬಯೋಟಿಕ್ಕೂ ಇಲ್ಲ. ಇದರಲ್ಲಿ ಪವಾಡವೇನೂ ಇಲ್ಲ. ಮೊದಲ ಭೇಟಿಯಲ್ಲೇ ಒಂದು ಪ್ರಶ್ನೆ ಕೇಳಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು ಎಂಬುದಷ್ಟೇ ನನ್ನ ಸಿಟ್ಟು.

‘ವಯಸ್ಸಾತಲ್ಲ’ ಅನ್ನುವವರ ಮೊದಲ ವಾದ, ಇದು ಪ್ರಕೃತಿ ಸಹಜ ಎಂಬುದು. ಸಹಜವೇ, ಯಾರು ಅಲ್ಲವೆಂದರು? ನಲವತ್ತು ದಾಟಿದರೆ ಕಣ್ಣಿಗೆ ಚಾಳೀಸು ಬರುವುದೂ ಸಹಜ. ಚಾಳೀಸು ಬಂದವರಿಗೆ ‘ಇನ್ನೇನು ಓದೂದೈತಿ, ಬಿಡ್ರಿ’ ಎಂದು ಯಾರೂ ಹೇಳುವುದಿಲ್ಲ, ಕನ್ನಡಕ ಕೊಡಿಸುತ್ತಾರೆ. ಅಜ್ಜನ ಕಣ್ಣಿನ ಪೊರೆ ತೆಗೆಸಲು ಊರ ಮುಂದೆ ಶಿಬಿರ ಹಾಕುತ್ತಾರೆ, ಬ್ಯಾನರ್ ಕಟ್ಟುತ್ತಾರೆ. ಹಲ್ಲು ಬಿದ್ದರೆ ಹಲ್ಲಿನ ಸೆಟ್ ಹಾಕಿಸುತ್ತಾರೆ. ಸಹಜವಾದದ್ದನ್ನೆಲ್ಲ ಸಹಿಸಬೇಕು ಎಂಬ ನಿಯಮ ಹೆಣ್ಣಿನ ಈ ಒಂದು ಅಂಗದ ಮಟ್ಟಿಗೆ ಮಾತ್ರ ಜಾರಿಯಲ್ಲಿದೆ. ಆ ಅಂಗವನ್ನು ಹೆರುವುದಕ್ಕೆ ಮತ್ತು ಗಂಡನಿಗೆ ಎಂದು ಲೆಕ್ಕ ಹಾಕಿದ್ದೇವೆ. ಎರಡೂ ಕೆಲಸ ಮುಗಿದ ಮೇಲೆ ಅದರ ನೋವು ಯಾರ ಖಾತೆಗೂ ಸೇರುವುದಿಲ್ಲ.

ಇದು ಬರೀ ಮನೆಯ ಲೆಕ್ಕವೆಂದು ತಿಳಿಯಬೇಡಿ, ಸರಕಾರದ ಲೆಕ್ಕವೂ ಹೀಗೇ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರನ್ನು ಕೂರಿಸಿ ವಿವರವಾಗಿ ಪ್ರಶ್ನೆ ಕೇಳುವುದು 15ರಿಂದ 49ರ ವಯಸ್ಸಿನವರೆಗೆ. ಐವತ್ತಕ್ಕೆ ಕಾಲಿಟ್ಟವಳು ಆ ಪಟ್ಟಿಯಿಂದ ಹೊರಗೆ. ಶಾಲೆಯ ಹುಡುಗಿಯರಿಗೆ ನಮ್ಮ ರಾಜ್ಯದಲ್ಲಿ ‘ಶುಚಿ’ ಯೋಜನೆಯಿದೆ, ಜನೌಷಧಿ ಅಂಗಡಿಯಲ್ಲಿ ಒಂದು ರೂಪಾಯಿಗೆ ಒಂದು ಪ್ಯಾಡ್ ಸಿಗುತ್ತದೆ. 2025ರಲ್ಲಿ ಕರ್ನಾಟಕ ಸರಕಾರ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಯನ್ನೂ ತಂದಿತು. ಇವೆಲ್ಲವನ್ನೂ ನಾನು ಮನಸಾರೆ ಸ್ವಾಗತಿಸುತ್ತೇನೆ. ಹರಿಯುವ ರಕ್ತದ ಬಗ್ಗೆ ಮಾತನಾಡಲು ಕಲಿತ ಸರಕಾರ, ರಕ್ತ ನಿಂತವಳ ಬಗ್ಗೆ ಯಾವಾಗ ಬಾಯಿ ತೆರೆಯುತ್ತದೆ ಎಂದು ಕೇಳುವ ಹಕ್ಕೂ ನನಗಿದೆ.

ಬೆಳಗಾವಿಯವಳಾಗಿ ಈ ಪ್ರಶ್ನೆಯನ್ನು ಕೇಳಲು ನನಗೆ ಇನ್ನೊಂದು ಕಾರಣವಿದೆ. ಹೆಣ್ಣಿನ ಆರೋಗ್ಯದ ಇತಿಹಾಸದಲ್ಲಿ ಈ ಜಿಲ್ಲೆಯ ಹೆಸರು ದೊಡ್ಡದು. ಹೆರಿಗೆಯ ನಂತರದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ತಡೆಯಬಹುದೇ ಎಂದು ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ಅಧ್ಯಯನ ಮಾಡಿದರು. 2006ರಲ್ಲಿ ಅದು ‘ದಿ ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಆ ಮಾತ್ರೆಯನ್ನು ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ನಮ್ಮ ಹಳ್ಳಿಯ ಬಾಣಂತಿಯರು ಮತ್ತು ಸೂಲಗಿತ್ತಿ ಕೆಲಸ ಮಾಡುವ ಸಹಾಯಕ ದಾದಿಯರು ಜಗತ್ತಿಗೆ ಕೊಟ್ಟ ಕಾಣಿಕೆ ಇದು. ಅಂದು ಆ ಅಧ್ಯಯನದಲ್ಲಿ ಹೆತ್ತ ತಾಯಂದಿರು ಈಗ ಮುಟ್ಟು ನಿಲ್ಲುವ ವಯಸ್ಸಿಗೆ ಬಂದಿದ್ದಾರೆ, ಬರುತ್ತಿದ್ದಾರೆ. ಹೆರುವಾಗ ಅವರ ರಕ್ತವನ್ನು ಹನಿ ಹನಿಯಾಗಿ ಅಳೆದ ಊರು, ಈಗ ಅವರನ್ನು ‘ಉರಿ ಐತೇನವಾ?’ ಎಂದು ಒಂದು ಮಾತು ಕೇಳಬಾರದೆ?

ಎರಡನೆಯ ವಾದ: ಇದು ಪೇಟೆಯ ಉಳ್ಳವರ ಕಾಯಿಲೆ, ದುಡಿಯುವ ಹೆಂಗಸಿಗೆ ಇದಕ್ಕೆಲ್ಲ ಪುರಸೊತ್ತಿಲ್ಲ. ಇದು ತಲೆಕೆಳಗಾದ ಮಾತು. ಬೆಳಗಾವಿ ಜಿಲ್ಲೆಯ ಕಬ್ಬಿನ ಗದ್ದೆಗಳಿಗೆ ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುವುದನ್ನು ನಾವು ಪ್ರತಿ ಹಂಗಾಮಿನಲ್ಲಿ ನೋಡುತ್ತೇವೆ. ಮುಟ್ಟಾದರೆ ಕೂಲಿ ಹೋಗುತ್ತದೆ, ದಂಡ ಬೀಳುತ್ತದೆ ಎಂದು ಆ ಹೆಂಗಸರು ಗರ್ಭಚೀಲವನ್ನೇ ತೆಗೆಸಿಕೊಳ್ಳುವುದು 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಅಲ್ಲಿನ ಸರಕಾರ ನೇಮಿಸಿದ ಸಮಿತಿಯ ಲೆಕ್ಕದಲ್ಲಿ, ವಿಚಾರಿಸಿದ ಸುಮಾರು 82 ಸಾವಿರ ಕಬ್ಬಿನ ಕೂಲಿ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಚೀಲ ಇರಲಿಲ್ಲ. ನಮ್ಮದೇ ಕಲಬುರಗಿಯಲ್ಲಿ ತಾಂಡಾದ ಲಂಬಾಣಿ ಹೆಂಗಸರು, ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರ ಗರ್ಭಚೀಲ ತೆಗೆದ ಖಾಸಗಿ ಆಸ್ಪತ್ರೆಗಳ ವಿರುದ್ಧ ಬೀದಿಗಿಳಿದರು. ಅನಗತ್ಯವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು.

ಗರ್ಭಚೀಲದ ಜೊತೆ ಎರಡೂ ಅಂಡಾಶಯಗಳನ್ನು ತೆಗೆದರೆ ಮುಟ್ಟು ನಿಲ್ಲುವುದು ಮೆಲ್ಲಗೆ ಅಲ್ಲ, ಒಂದೇ ದಿನದಲ್ಲಿ. ಮೂವತ್ತರ ಹೆಣ್ಣಿನ ಒಳಗೆ ಐವತ್ತರ ಒಣಗು ಬರುತ್ತದೆ. ಅಂಡಾಶಯ ಉಳಿಸಿದರೂ ಅದು ಬೇಗ ಸೋಲುವ ಸಂಭವ ಹೆಚ್ಚು. ಕಬ್ಬಿನ ಗದ್ದೆಯಲ್ಲಿ, ನೀರಿಲ್ಲದ, ಪಾಯಖಾನೆಯಿಲ್ಲದ ಟೆಂಟಿನಲ್ಲಿ ಅವಳು ಆ ಉರಿಯನ್ನು ಹೊತ್ತು ಮೋಳಿಗೆ ಎತ್ತುತ್ತಾಳೆ. ಹೊಟ್ಟೆಯ ಮೇಲಿನ ಹೊಲಿಗೆ ನೋಡಿದವರು ಒಳಗಿನ ಒಣಗನ್ನು ಕೇಳುವುದಿಲ್ಲ. ಇದು ಉಳ್ಳವರ ಕಾಯಿಲೆ ಎಂದವರು ಒಮ್ಮೆ ಆ ಟೆಂಟಿನ ಹತ್ತಿರ ಹೋಗಿ ನೋಡಲಿ.

ಮೂರನೆಯ ವಾದ ನನ್ನ ಸ್ತ್ರೀವಾದಿ ಗೆಳತಿಯರದು, ಅದಕ್ಕೆ ತೂಕವಿದೆ. ಹೆಣ್ಣಿನ ಸಹಜ ಸ್ಥಿತಿಗಳನ್ನೆಲ್ಲ ರೋಗ ಮಾಡಿ ಔಷಧಿ ಮಾರುವುದು ಕಂಪನಿಗಳ ಹಳೆಯ ಆಟ, ನೀನು ಅದಕ್ಕೆ ದಾರಿ ಮಾಡಿಕೊಡುತ್ತೀಯ ಎನ್ನುತ್ತಾರೆ. ಅವರ ಅನುಮಾನ ಸುಳ್ಳಲ್ಲ. ಮುಟ್ಟು ನಿಂತವರ ಯೋನಿಯನ್ನು ಲೇಸರಿನಿಂದ ‘ಹರೆಯ’ಕ್ಕೆ ತರುತ್ತೇವೆಂದು ದುಬಾರಿ ಪ್ಯಾಕೇಜು ಮಾರುವವರಿದ್ದಾರೆ. ಅಂಥ ಉಪಕರಣಗಳಿಂದ ಸುಟ್ಟಗಾಯ, ಕಲೆ, ಮಾಯದ ನೋವು ಆಗಬಹುದೆಂದು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿತ್ತು. ಟಿವಿಯಲ್ಲಿ ಬರುವ ‘ಇಂಟಿಮೇಟ್ ವಾಶ್’ಗಳು ಹೆಣ್ಣಿನ ನಾಚಿಕೆಯನ್ನೇ ಸುವಾಸನೆ ಹಾಕಿ ಮಾರುತ್ತವೆ. ಆದರೆ ಗೆಳತಿಯರೇ, ಕಂಪನಿಗೆ ದಾರಿ ಮಾಡಿಕೊಟ್ಟದ್ದು ನಮ್ಮ ಮೌನ. ತಾಯಿ ಹೇಳಲಿಲ್ಲ, ಡಾಕ್ಟರು ಹೇಳಲಿಲ್ಲ, ಪುಸ್ತಕ ಹೇಳಲಿಲ್ಲ ಎಂದಾದಾಗ ಹೇಳಲು ಉಳಿಯುವುದು ಜಾಹೀರಾತು ಒಂದೇ.

ಆದ್ದರಿಂದ ಜಾಹೀರಾತಿಗೆ ಮೊದಲು ನಾವೇ ಹೇಳೋಣ. ಒಣಗಿದ ಜಾಗಕ್ಕೆ ಸಾಬೂನು, ಡೆಟಾಲ್, ಸುಗಂಧದ ವಾಶ್ ಯಾವುದೂ ಬೇಡ. ಹೊರಭಾಗ ತೊಳೆಯಲು ನೀರು ಸಾಕು, ಒಳಗೆ ತೊಳೆಯಲೇ ಬಾರದು. ಯೋನಿಗೆಂದೇ ಮಾಡಿದ ಮಾಯಿಶ್ಚರೈಸರ್ ಇದೆ, ವಾರಕ್ಕೆ ಎರಡು ಮೂರು ಸಲ ಹಚ್ಚುವಂಥದ್ದು. ಕೂಡುವ ಹೊತ್ತಿಗೆ ಬಳಸುವ ಲ್ಯೂಬ್ರಿಕೆಂಟ್ ಬೇರೆ, ಅದು ನೀರಿನ ಅಂಶದ್ದಿದ್ದರೆ ಕಾಂಡೋಮಿಗೂ ತೊಂದರೆಯಿಲ್ಲ. ಮನೆಯ ಕೊಬ್ಬರಿ ಎಣ್ಣೆ ಲೇಟೆಕ್ಸ್ ಕಾಂಡೋಮನ್ನು ಹಾಳುಮಾಡುತ್ತದೆ ಎಂಬುದು ನೆನಪಿರಲಿ. ಇವು ಸಾಲದಿದ್ದರೆ ಯೋನಿಯೊಳಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಮುಲಾಮು ಇದೆ. ನಮ್ಮಲ್ಲಿ ಎಸ್ಟ್ರಿಯಾಲ್ ಹೆಸರಿನಲ್ಲಿ ಸಿಗುತ್ತದೆ. ಸಾಮಾನ್ಯವಾಗಿ ಎರಡು ವಾರ ದಿನವೂ, ಆಮೇಲೆ ವಾರಕ್ಕೆ ಎರಡು ಸಲ. ಇದನ್ನು ವೈದ್ಯರು ನೋಡಿಯೇ ಕೊಡಬೇಕು. ಸ್ತನ ಕ್ಯಾನ್ಸರ್ ಆದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಚ್ಚಬಾರದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಒಣಗಿದ್ದಕ್ಕೆ ಇರಬೇಕೆಂದು ಸುಮ್ಮನಿರದೆ ತೋರಿಸಲೇಬೇಕು, ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ ಆಗಿರಬಹುದು.

ಹಾರ್ಮೋನು ಎಂದ ಕೂಡಲೇ ಹೆದರುವವರಿಗೆ ಒಂದು ಮಾತು. 2002ರಲ್ಲಿ ಅಮೆರಿಕದಲ್ಲಿ 16 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆಯುತ್ತಿದ್ದ ದೊಡ್ಡ ಅಧ್ಯಯನವೊಂದನ್ನು ಅರ್ಧಕ್ಕೆ ನಿಲ್ಲಿಸಿದರು. ಸ್ತನ ಕ್ಯಾನ್ಸರ್, ಹೃದಯ ಕಾಯಿಲೆಗಳ ಅಪಾಯ ಸ್ವಲ್ಪ ಏರಿದ್ದು ಕಂಡಿತ್ತು. ಆ ಅಧ್ಯಯನ ನುಂಗುವ ಮಾತ್ರೆಯದು, ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅದರ ಹೆದರಿಕೆ ಮಾತ್ರ ರಕ್ತಕ್ಕೆ ತೀರಾ ಅಲ್ಪವಾಗಿ ಸೇರುವ ಯೋನಿಯ ಮುಲಾಮಿಗೂ ಅಂಟಿಕೊಂಡಿತು, ಅದೇ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಅದರ ಡಬ್ಬಿಗೂ ಹಾಕಿದರು. ಆ ಎಚ್ಚರಿಕೆಯನ್ನು ತೆಗೆಸುವುದಾಗಿ ಎಫ್‌ಡಿಎ ಪ್ರಕಟಿಸಿದ್ದು 2025ರ ನವೆಂಬರಿನಲ್ಲಿ. ಬ್ರಿಟನ್ನಿನಲ್ಲಿ 2022ರಿಂದಲೇ ಇಂಥ ಒಂದು ಯೋನಿಮಾತ್ರೆ ಐವತ್ತು ದಾಟಿದವರಿಗೆ ವೈದ್ಯರ ಚೀಟಿಯಿಲ್ಲದೆ, ಔಷಧಿ ಅಂಗಡಿಯವರ ವಿಚಾರಣೆಯ ಮೇಲೆ ಸಿಗುತ್ತಿದೆ.

ಇನ್ನು ಸಾಹಿತ್ಯದ ಮಾತಿಗೆ ಬರುತ್ತೇನೆ. ‘ಇದೆಲ್ಲ ಆರೋಗ್ಯ ಪುರವಣಿಯ ವಿಷಯ, ಸಾಹಿತ್ಯ ಪತ್ರಿಕೆಗೆ ಯಾಕೆ?’ ಎಂದು ಕೇಳುವವರು ನಿಮ್ಮಲ್ಲೂ ಇರಬಹುದು. ನಾನಿರುವ ಶಿವಬಸವ ನಗರ ನಾಗನೂರು ರುದ್ರಾಕ್ಷಿ ಮಠದ ಪರಿಸರ, ವಚನ ಕೇಳುತ್ತ ಬೆಳೆಯುವ ಜಾಗ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲೇ ಅಲ್ಲಗಳೆದರು ಎಂದು ನಮ್ಮ ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮುಟ್ಟಾದ ಹೆಣ್ಣು ಲಿಂಗಪೂಜೆಗೆ ಅನರ್ಹಳಲ್ಲ ಎಂದು ಹೇಳುವುದಕ್ಕೆ ಆಗ ಎಂಥ ಧೈರ್ಯ ಬೇಕಾಗಿತ್ತು! ರಜಸ್ಸಿನ ಸೂತಕ ಕಳೆದವರ ವಾರಸುದಾರರು ನಾವು, ರಜಸ್ಸು ನಿಂತ ಮೇಲಿನ ಮೈಯನ್ನು ಹೊಸದೊಂದು ಸೂತಕದಲ್ಲಿ ಕೂರಿಸಿದ್ದೇವೆ. ಮೊದಲಿನ ಸೂತಕ ಮೂರು ದಿನದ್ದಿತ್ತು, ಇದು ಇಪ್ಪತ್ತೈದು ವರ್ಷದ್ದು.

ಕನ್ನಡದ ಲೇಖಕಿಯರಿಗೆ ಮೈಯ ಮಾತು ಹೊಸದಲ್ಲ. ಬಾಣಂತನದ ನಂತರದ ಮನೋರೋಗವನ್ನು ತ್ರಿವೇಣಿಯವರು ‘ಶರಪಂಜರ’ದಲ್ಲಿ ಮನೆಮನೆಯ ಚರ್ಚೆಗೆ ತಂದರು. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂಥ ಪುಸ್ತಕಗಳನ್ನು ಬರೆದು, ಹೆಣ್ಣಿನ ದೇಹಶಾಸ್ತ್ರವನ್ನು ಕನ್ನಡದಲ್ಲಿ ನಾಚದೆ ಹೇಳಬಹುದೆಂದು ತೋರಿಸಿದರು. ಅವರು ಹಾಕಿದ ದಾರಿ ಅಲ್ಲಿಂದ ಮುಂದಕ್ಕೆ ಎಷ್ಟು ಹೋಯಿತು? ನಮ್ಮ ಕತೆಗಳಲ್ಲಿ ಐವತ್ತರ ಹೆಂಗಸು ಅತ್ತೆಯಾಗಿಯೋ ಅಜ್ಜಿಯಾಗಿಯೋ ಬರುತ್ತಾಳೆ, ಮೊಮ್ಮಕ್ಕಳಿಗೆ ಎಣ್ಣೆ ಹಚ್ಚುತ್ತಾಳೆ. ಇತ್ತೀಚಿನ ಕವಿತೆಗಳಲ್ಲಿ ಮುಟ್ಟು ನಿಂತವಳು ‘ಬಿಡುಗಡೆ’ಯಾದವಳು, ಬಯಲಾದವಳು. ಬಿಡುಗಡೆ ಹೌದು, ಬಟ್ಟೆ ಒಗೆಯುವ ಕಷ್ಟದಿಂದ, ಬಸಿರಿನ ಹೆದರಿಕೆಯಿಂದ. ಆದರೆ ಹೆಜ್ಜೆ ಇಟ್ಟರೆ ಉರಿಯುವವಳಿಗೆ ಬಯಲಿನ ರೂಪಕ ಕೊಟ್ಟು ಕಳಿಸಿದರೆ ಆ ಕವಿತೆಯೂ ‘ದೇವರ ಧ್ಯಾನ ಮಾಡ್ರಿ’ ಅನ್ನುವವರ ಸಾಲಿಗೇ ಸೇರುತ್ತದೆ.

ಭಾಷೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಓಣಿಯೇ ಸಾಕ್ಷಿ. ನನಗಿಂತ ಎಂಟು ವರ್ಷ ಹಿರಿಯರಾದ ಒಬ್ಬ ಅಕ್ಕ ಸಂಜೆ ಕಟ್ಟೆಯ ಮೇಲೆ ಕೂತು ಹೇಳಿದ್ದು: ‘ರಾತ್ರಿ ಆತಂದ್ರ ಅಂಜಿಕಿ ಬರ್ತೈತಿ ನೋಡವಾ. ಅವರಿಗೆ ಬ್ಯಾಡ ಅಂದ್ರ ಸಿಟ್ಟು, ಯಾಕಂತ ಹೇಳಾಕ ನನಗ ಬಾಯಿಲ್ಲ.’ ಗಂಡ ಕೆಟ್ಟವರಲ್ಲ. ಹೆಂಡತಿಗೆ ತನ್ನ ಮೇಲೆ ಮನಸ್ಸಿಲ್ಲ ಎಂದು ಅವರು ತಿಳಿದಿದ್ದಾರೆ. ಇವರಿಗೆ ಮನಸ್ಸಿದೆ, ಮೈ ನೋಯುತ್ತದೆ. ಇವೆರಡರ ನಡುವೆ ಒಂದು ವಾಕ್ಯ ಬೇಕಿತ್ತು, ಕನ್ನಡದಲ್ಲಿ ಅದು ಅವರಿಗೆ ಸಿಗಲಿಲ್ಲ. ‘ಯೋನಿ ಶುಷ್ಕತೆ’ ಎಂದು ಹೇಳಿ ಎಂದರೆ ಅವರು ನಗುತ್ತಾರೆ. ‘ಒಳಗ ಒಣಗೇತಿ, ಉರೀತೈತಿ, ಔಷಧ ಹಚ್ಚಬೇಕು’ ಎಂಬುದು ಸಾಕು. ಇಷ್ಟು ಸರಳವಾದ ಮಾತನ್ನು ಮೂವತ್ತು ವರ್ಷ ಜೊತೆಗೆ ಬಾಳಿದವರು ಆಡಲಾರದೆ ಹೋದರೆ, ಒಲವಿನ ಬಗ್ಗೆ ಇಷ್ಟು ಪದ್ಯ ಬರೆದ ಭಾಷೆ ತನ್ನ ಕೆಲಸವನ್ನು ಪೂರ್ತಿ ಮಾಡಿಲ್ಲ ಎಂದೇ ಅರ್ಥ.

ನಾನು ಕೇಳುವುದು ದೊಡ್ಡ ಯೋಜನೆಯನ್ನಲ್ಲ. ಮೂವತ್ತು ದಾಟಿದವರಿಗೆ ಬಿಪಿ, ಸಕ್ಕರೆ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡುವ ಕಾರ್ಯಕ್ರಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈಗಾಗಲೇ ಇದೆ. ಆ ನಮೂನೆಗೆ ಒಂದು ಪ್ರಶ್ನೆ ಸೇರಿಸಿ: ‘ಒಳಗೆ ಒಣಗುವುದು, ಉರಿ, ನೋವು ಇದೆಯೇ?’ ಗರ್ಭಕೊರಳಿನ ತಪಾಸಣೆಗೂ ಇದರಿಂದ ಲಾಭ, ಒಣಗಿದ ಹೆಂಗಸಿಗೆ ಆ ಪರೀಕ್ಷೆಯೇ ಯಾತನೆಯಾಗಿ ಅವಳು ಮತ್ತೆ ಆ ಕಡೆ ಸುಳಿಯುವುದಿಲ್ಲ. ಖಾನಾಪುರದ ಕಾಡಂಚಿನ ಊರಿಂದ ಬಸ್ಸು ಹಿಡಿದು ಬಂದ ಹೆಂಗಸನ್ನು ಬರೀ ಬಿಪಿ ಗುಳಿಗೆ ಕೊಟ್ಟು ಕಳಿಸಬೇಡಿ. ಆಶಾ ಕಾರ್ಯಕರ್ತೆಯರ ತರಬೇತಿಯಲ್ಲಿ ಬಸುರಿ ಬಾಣಂತಿಯರ ಜೊತೆ ಮುಟ್ಟು ನಿಂತವರಿಗೂ ಒಂದು ಪಾಠ ಇರಲಿ. ಆ ಆಶಾ ಅಕ್ಕಂದಿರಲ್ಲಿ ಎಷ್ಟೋ ಮಂದಿಗೆ ಅದು ಸ್ವಂತಕ್ಕೂ ಬೇಕಾದೀತು.

ಓದುವ ನಿಮ್ಮಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು, ಇದು ನಿಮ್ಮಿಂದ ದೂರದ ಸಂಗತಿ ಅನಿಸಬಹುದು. ನಿಮ್ಮ ತಾಯಂದಿರಿಗೆ ಈಗ ನಲವತ್ತೈದು, ಐವತ್ತು. ನಿಮ್ಮ ಅಕ್ಕ ಬಾಣಂತಿಯಾಗಿ ಹಾಲುಣಿಸುತ್ತಿದ್ದರೆ ಅವಳಿಗೂ ಕೆಲವು ತಿಂಗಳು ಇದೇ ಒಣಗು ಬರಬಹುದು, ಅದೇ ಹಾರ್ಮೋನು ಆಗಲೂ ತಗ್ಗಿರುತ್ತದೆ. ಹುಡುಗರೂ ಇದನ್ನು ಓದಲಿ ಎಂಬುದು ನನ್ನ ಹಟ, ನಾಳೆ ಗಂಡಂದಿರೂ ಡಾಕ್ಟರರೂ ಆಗುವವರು ನೀವೇ. ಜಾನಪದ ಸಂಗ್ರಹಕ್ಕೆಂದು ಹಳ್ಳಿಗೆ ಹೋದಾಗ ಹಂತಿ ಪದ, ಬೀಸುವ ಪದ ಬರೆದುಕೊಳ್ಳುವ ಪುಸ್ತಕದಲ್ಲಿ ಒಂದು ಪುಟ ಇದಕ್ಕೂ ಬಿಡಿ. ಐವತ್ತು ದಾಟಿದ ಹೆಂಗಸರು ಈ ನೋವಿಗೆ ಏನು ಹೆಸರಿಟ್ಟಿದ್ದಾರೆ, ಏನು ಹಚ್ಚುತ್ತಾರೆ, ಯಾರಿಗೆ ಹೇಳುತ್ತಾರೆ, ಕೇಳಿ ಬರೆದುಕೊಳ್ಳಿ. ಖಾನಾಪುರದಲ್ಲೂ ಸವದತ್ತಿಯಲ್ಲೂ ಗೋಕಾಕದಲ್ಲೂ ಒಂದೊಂದು ಪದ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ನನ್ನದು. ಸಿಕ್ಕ ಪದಗಳನ್ನು ಇದೇ ಪತ್ರಿಕೆಗೆ ಕಳಿಸಿ. ಡಾಕ್ಟರ ಮುಂದೆ ಕೂತ ಹೆಂಗಸಿಗೆ ಮುಂದಿನ ಸಲ ಅವು ಬೇಕಾಗುತ್ತವೆ.